ಬಾದಾಮಿ ಗುಡ್ಡಗಳಲ್ಲಿ ಮೌಂಟನ್ ಬೈಕ್ (ಎಂಟಿಬಿ): ನೀರಿನ ಜಾಡು ಹಿಡಿದು ಹೋಗಿ

ಬೆಂಗಳೂರಿನಲ್ಲಿದ್ದೀರಿ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹೊಸ ಹಾರ್ಡ್‌ಟೇಲ್ ಸೈಕಲ್ ತಗೊಂಡಿದ್ದೀರಿ, ನಂದಿ ಬೆಟ್ಟದ ಡಾಂಬರು ಸಾಕಾಗಿದೆ. ಮೂರು ದಿನದ ರಜೆಯಲ್ಲಿ ಕಲ್ಲುಗುಡ್ಡದ ದಾರಿಯೂ ಬೇಕು, ಹಳೆಯ ಗುಡಿ, ಕೋಟೆಗಳೂ ಬೇಕು, ಇದಕ್ಕೆ ಹಂಪಿ ಆದೀತೇ ಎಂದು ಕೇಳಿದ್ದೀರಿ. ಹಂಪಿ ಆದೀತು. ಆದರೆ ನನ್ನನ್ನು ಕೇಳಿದರೆ ಮೊದಲು ಬಾದಾಮಿಗೆ ಹೋಗಿ ಅನ್ನುತ್ತೇನೆ. ನಾನು ಅದೇ ಸೀಮೆಯವನು, ಆ ಗುಡ್ಡಗಳಲ್ಲಿ ವರ್ಷಗಳಿಂದ ಸೈಕಲ್ ತುಳಿಯುತ್ತಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹಂಪಿಯಲ್ಲಿ ನೋಡುವ ಜಾಗಗಳೆಲ್ಲ ಹತ್ತಿರ ಹತ್ತಿರ. ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಸವಾರಿ ಮುಗಿದೇ ಹೋಗುತ್ತದೆ. ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಹಾಗಲ್ಲ. ರಸ್ತೆಯ ಲೆಕ್ಕದಲ್ಲಿ ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಇನ್ನೂ ಹದಿಮೂರೋ ಹದಿನಾಲ್ಕೋ. ನಡುವೆ ಕೆಂಪು ಮರಳುಗಲ್ಲಿನ ಗುಡ್ಡಸಾಲು, ಕೊಳ್ಳಗಳು, ಮಲಪ್ರಭೆ. ಕಾರಿನಲ್ಲಿ ಬಂದವರು ನಾಲ್ಕು ಊರು ನೋಡಿ ಸಂಜೆಗೆ ವಾಪಸ್ ಹೋಗುತ್ತಾರೆ. ಆ ನಾಲ್ಕು ಊರುಗಳ ನಡುವಿನ ನೆಲ ಅವರ ಪಾಲಿಗಿಲ್ಲ. ಸೈಕಲ್‌ನವರಿಗೆ ಸಿಗುವುದು ಅದೇ.

ದಾರಿ ಹುಡುಕುವ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇದು ತಿಳಿದರೆ ಮೊಬೈಲಿನ ನಕ್ಷೆ ಅರ್ಧ ಬೇಕಾಗುವುದಿಲ್ಲ. ಈ ಸೀಮೆಯಲ್ಲಿ ಹಳೆಯ ಗುಡಿ ಎಲ್ಲಿದೆಯೋ ಅಲ್ಲಿ ನೀರಿದೆ. ಬಾದಾಮಿಯಲ್ಲಿ ಅಗಸ್ತ್ಯತೀರ್ಥ ಕೆರೆ, ಮಹಾಕೂಟದಲ್ಲಿ ಸದಾ ತುಂಬಿರುವ ಪುಷ್ಕರಣಿ, ಬನಶಂಕರಿಯಲ್ಲಿ ಕಲ್ಲಿನ ಮಂಟಪಗಳು ಸುತ್ತುವರಿದ ದೊಡ್ಡ ಹೊಂಡ, ಹುಲಿಗೆಮ್ಮನ ಕೊಳ್ಳದಲ್ಲಿ ಬಂಡೆಯ ಮೇಲಿಂದ ಬೀಳುವ ಮಳೆಗಾಲದ ಧಾರೆ, ಪಟ್ಟದಕಲ್ಲಿನಲ್ಲಿ ಹೊಳೆ. ಮರಳುಗಲ್ಲಿನ ಬಿರುಕಿಗೆ ಇಳಿದ ಮಳೆನೀರು ಗುಡ್ಡದ ಬುಡದಲ್ಲಿ ಎಲ್ಲೋ ಒಂದು ಕಡೆ ಒಸರುತ್ತದೆ. ಜನ ಅಲ್ಲಿ ನಿಂತರು, ಗುಡಿ ಕಟ್ಟಿದರು, ಒಂದು ನೀರಿನಿಂದ ಇನ್ನೊಂದು ನೀರಿಗೆ ನಡೆದ ಕಾಲುದಾರಿ ಇಂದಿಗೂ ಉಳಿದಿದೆ. ಕುರಿಗಾರರು, ಯಾತ್ರಿಕರು ಅದನ್ನೇ ತುಳಿಯುತ್ತಾರೆ. ನೀವೂ ಅದನ್ನೇ ಹಿಡಿಯಿರಿ.

ಮೊದಲ ದಿನ ದೂರ ಹೋಗಬೇಡಿ. ಊರು ನೋಡಿ, ಸಂಜೆ ಗುಡ್ಡದ ಪರಿಚಯ ಮಾಡಿಕೊಳ್ಳಿ. ಕ್ರಿ.ಶ. 543ರ ಬಂಡೆ ಶಾಸನದಲ್ಲಿ ಮೊದಲನೆಯ ಪುಲಕೇಶಿ ಈ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಯಾರೂ ಗೆಲ್ಲಲಾಗದ ಕೋಟೆಯಾಗಿ ಮಾಡಿದೆ ಎಂದು ಹೇಳಿಕೊಂಡಿದ್ದಾನೆ. ಸೈಕಲ್ ತಗೊಂಡು ಗುಡ್ಡದ ನೆತ್ತಿಗೆ ಹೋದಾಗ ಆ ಮಾತಿನ ತೂಕ ಗೊತ್ತಾಗುತ್ತದೆ. ಮೇಲೆ ಚಪ್ಪಟೆಯಾದ ಹಾಸುಬಂಡೆ, ಒಣಗಿದ್ದಾಗ ಟೈರು ಹಿಡಿಯುವ ಹಿಡಿತಕ್ಕೆ ಸಾಟಿಯಿಲ್ಲ. ಆದರೆ ಆ ಬಂಡೆ ಹಾಗೇ ಹೋಗಿ ಥಟ್ಟನೆ ಕಡಿದುಬಿಡುತ್ತದೆ. ಮುಂದೆ ನೆಟ್ಟಗೆ ಕೆಳಗೆ ಊರು. ಇಳಿಜಾರು ಎಂಬುದೇ ಇಲ್ಲ. ಆದ್ದರಿಂದ ಅಂಚಿನ ಕಡೆಗೆ ವೇಗವಾಗಿ ಹೋಗುವ ಅಭ್ಯಾಸ ಇಲ್ಲಿ ಬೇಡವೇ ಬೇಡ, ಬೆಳಕು ಕಡಿಮೆಯಾದ ಮೇಲಂತೂ ಇಳಿದು ತಳ್ಳಿಕೊಂಡೇ ಬನ್ನಿ.

ಮೇಣಬಸದಿ ಎಂದು ಕರೆಯುವ ಗುಹಾಲಯಗಳಿಗೆ, ಕೋಟೆಯ ಮೆಟ್ಟಿಲುಗಳಿಗೆ ಸೈಕಲ್ ಒಯ್ಯುವಂತಿಲ್ಲ. ಅವು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಸೈಕಲ್ಲನ್ನು ಉಳಿದುಕೊಂಡ ಕಡೆ ಬಿಟ್ಟು ನಡೆದು ನೋಡಿ. ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ 578ರ ಶಾಸನವಿದೆ. ಕೆರೆಯ ಆಚೆ ಬದಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿ ಅದು, ಸುಮಾರು 700ರ ಕಾಲದ್ದು. ಕನ್ನಡ ಓದಬಲ್ಲವರು ಅದರ ಮುಂದೆ ಐದು ನಿಮಿಷ ನಿಲ್ಲದೆ ಹೋಗಬಾರದು ಎಂಬುದು ನನ್ನ ಹಟ.

ಬಾದಾಮಿಯ ಹಿಂದಿನ ಗುಡ್ಡದೊಳಗೆ ಸಿಡಿಲಫಡಿ ಇದೆ. ದೊಡ್ಡ ಬಂಡೆಯ ಸೂರು, ಅದರಡಿ ಆದಿಮಾನವರು ಬರೆದ ಕೆಂಪು ಚಿತ್ರಗಳು. ದಾರಿ ಅರ್ಧ ತುಳಿಯಬಹುದು, ಅರ್ಧ ಸೈಕಲ್ ಹೆಗಲಿಗೆ. ಗುರುತು ಹಲಗೆ ನೆಚ್ಚಿಕೊಂಡು ಹೋಗಬೇಡಿ, ಊರಿನ ಹುಡುಗರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ದಿನದ ಕೂಲಿ ಸರಿಯಾಗಿ ಕೊಡಿ. ಚಿತ್ರಗಳನ್ನು ಮುಟ್ಟಬೇಡಿ, ಫೋಟೋ ಚೆನ್ನಾಗಿ ಬರಲಿ ಎಂದು ನೀರು ಎರಚಲೇಬೇಡಿ. ಸಾವಿರಾರು ವರ್ಷ ಉಳಿದ ಬಣ್ಣ ನಮ್ಮ ಕಾಲದಲ್ಲಿ ಹೋದರೆ ಮತ್ತೆ ಬರುವುದಿಲ್ಲ.

ಈಗ ಮುಖ್ಯವಾದ ದಾರಿ. ಬಾದಾಮಿಯಿಂದ ಮಹಾಕೂಟಕ್ಕೆ ಡಾಂಬರು ರಸ್ತೆ ಸುತ್ತಿ ಬಳಸಿ ಹೋಗುತ್ತದೆ. ಗುಡ್ಡದ ಮೇಲಿನ ಹಳೆಯ ಕಾಲುದಾರಿ ಅದರ ಅರ್ಧದಷ್ಟೂ ಇಲ್ಲ, ಐದು ಕಿಲೋಮೀಟರಿನ ಆಸುಪಾಸು. ಚಾಲುಕ್ಯರ ಕಾಲದಿಂದ ರಾಜಧಾನಿಗೂ ಅವರ ತೀರ್ಥಕ್ಕೂ ನಡುವಿನ ದಾರಿ ಇದು. ಬೆಳಗ್ಗೆ ಬೇಗ ಹೊರಡಿ. ಮೊದಲ ಏರು ತುಳಿಯುವಂಥದ್ದಲ್ಲ, ಸಡಿಲ ಕಲ್ಲು, ತಳ್ಳಬೇಕು. ಮೇಲೆ ಹೋದ ಮೇಲೆ ಹಾಸುಗಲ್ಲು, ನಡುನಡುವೆ ಮರಳು ತುಂಬಿದ ಸಣ್ಣ ಹಳ್ಳಗಳು, ಮೊಣಕಾಲೆತ್ತರದ ಹುಲ್ಲು, ಕುರುಚಲು ಗಿಡ. ಹಾಸುಗಲ್ಲಿನಿಂದ ಮರಳಿಗೆ ಇಳಿಯುವ ಜಾಗದಲ್ಲೇ ಹೆಚ್ಚಿನವರು ಬೀಳುವುದು. ಬಂಡೆಯ ಮೇಲೆ ಬಂದ ವೇಗದಲ್ಲಿ ಮುಂದಿನ ಚಕ್ರ ಮರಳಿಗೆ ಹೂತುಕೊಳ್ಳುತ್ತದೆ. ಅಲ್ಲಿ ಮುಂದಿನ ಬ್ರೇಕ್ ಬಿಟ್ಟು, ಮೈಭಾರ ಹಿಂದಕ್ಕೆ ಹಾಕಿ, ಹ್ಯಾಂಡಲ್ ನೇರವಾಗಿಟ್ಟು ದಾಟಿ.

ಈ ದಾರಿಯಲ್ಲಿ ಒಬ್ಬ ಕುರಿಗಾರ ಅಜ್ಜ ನನ್ನ ಸೈಕಲ್ಲನ್ನು ಮೇಲೆ ಕೆಳಗೆ ನೋಡಿ, "ಮುಂದ ಪಾವಟಿಗಿ ಅದಾವರೀ, ಹೊತ್ಕೊಂಡ್ ಇಳೀಬೇಕ್ ನೋಡ್ರಿ. ನಮ್ಮ ಆಡೇ ನಿಂತ್ ನಿಂತ್ ಇಳೀತಾವು" ಎಂದಿದ್ದರು. ಅವರು ಹೇಳಿದ್ದು ಅಕ್ಷರಶಃ ನಿಜ. ಕೊನೆಯ ಇಳಿತದಲ್ಲಿ ಹಳೆಯ ಕಲ್ಲಿನ ಮೆಟ್ಟಿಲುಗಳಿವೆ. ಕೆಲವರು ಅವುಗಳ ಮೇಲೆ ಸೈಕಲ್ ಇಳಿಸುವುದೇ ಸಾಹಸ ಎಂದುಕೊಳ್ಳುತ್ತಾರೆ. ದಯವಿಟ್ಟು ಬೇಡ. ಹಳೆಯ ಕಲ್ಲಿನ ಅಂಚು ಒಡೆಯಬಹುದು, ಯಾತ್ರಿಕರು ಬರಿಗಾಲಲ್ಲಿ ಹತ್ತುವ ಮೆಟ್ಟಿಲು ಅದು. ಹೊತ್ತುಕೊಂಡೇ ಇಳಿಯಿರಿ. ಇಳಿದ ಕಡೆ ಮಹಾಕೂಟದ ಹಳೆಯ ಬಾಗಿಲು, ಅದರ ಎರಡು ಬದಿಗೆ ಎಲುಬು ಕಾಣುವ ಬಡಕಲು ಮೂರ್ತಿಗಳು. ಕಾರಿನಲ್ಲಿ ಬಂದವರು ಮುಂಬಾಗಿಲಿನಿಂದ ಬಂದು ಹೋಗುವುದರಿಂದ ಎಷ್ಟೋ ಮಂದಿ ಇದನ್ನು ನೋಡಿಯೇ ಇರುವುದಿಲ್ಲ. ಗುಡ್ಡ ದಾಟಿ ದಣಿದು ಬಂದವನಿಗೆ ಎದುರಾಗಲಿ ಎಂದೇ ಆ ಬಾಗಿಲನ್ನು ಅಲ್ಲಿ ನಿಲ್ಲಿಸಿದ್ದಾರೆ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಒಳಗೆ ಮರಗಳ ನೆರಳು, ಪುಷ್ಕರಣಿ, ಸುತ್ತ ಚಿಕ್ಕ ದೊಡ್ಡ ಗುಡಿಗಳು. ಜನ ಪೂಜೆಗೆ, ಸ್ನಾನಕ್ಕೆ ಬರುವ ಜೀವಂತ ಕ್ಷೇತ್ರ ಇದು. ಹೆಲ್ಮೆಟ್, ಬೂಟು ಬಿಚ್ಚಿಟ್ಟು, ಸೈಕಲ್ ಹೊರಗೆ ಬಿಟ್ಟು ಒಳಗೆ ಹೋಗಿ. ಮಂಗಳೇಶನ ಕಾಲದ ಶಾಸನವಿದ್ದ ಕಂಬ ಇಲ್ಲಿನದೇ, ಈಗ ವಿಜಯಪುರದಲ್ಲಿ ಗೋಲಗುಮ್ಮಟದ ಮ್ಯೂಸಿಯಮ್ಮಿನಲ್ಲಿದೆ.

ಮಹಾಕೂಟದಿಂದ ನಂದಿಕೇಶ್ವರ ಊರಿನ ಕಡೆಗೆ ಇಳಿದರೆ ಹೊಲದ ಬಂಡಿದಾರಿಗಳು ಸಿಗುತ್ತವೆ. ಹೊತ್ತಿದ್ದರೆ ನಾಗರಾಳದ ಹತ್ತಿರ ಕಾಡಿನೊಳಗಿರುವ ನಾಗನಾಥ ಗುಡಿಗೆ ಹೋಗಿಬನ್ನಿ, ಚಾಲುಕ್ಯರ ಆರಂಭ ಕಾಲದ್ದು, ಜನವೇ ಇರುವುದಿಲ್ಲ. ಮುಂದೆ ಭದ್ರನಾಯಕನ ಜಾಲಿಹಾಳ, ಅದರ ಹತ್ತಿರ ಹುಲಿಗೆಮ್ಮನ ಕೊಳ್ಳ: ಬಂಡೆಯ ಅರ್ಧಚಂದ್ರದಡಿ ಸಾಲಾಗಿ ಪುಟ್ಟ ಪುಟ್ಟ ಗುಡಿಗಳು. ಅಲ್ಲಿಂದ ಪಟ್ಟದಕಲ್ಲು ಸಮೀಪ.

ಪಟ್ಟದಕಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಎಲ್ಲರೂ ಬರೆದಿದ್ದಾರೆ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಒಂದನ್ನಾದರೂ ಸಾವಕಾಶ ನೋಡಿ. ನಿಮ್ಮ ಬಳಿ ಸೈಕಲ್ ಇರುವುದರಿಂದ ನಾನು ಒತ್ತಿ ಹೇಳುವುದು ಬೇರೆ ಜಾಗ. ಊರಿನಿಂದ ಕೆಲವು ಕಿಲೋಮೀಟರ್ ಆಚೆ, ಗುಡ್ಡದಲ್ಲಿ ಶಂಕರಲಿಂಗನ ಗುಂಡಿ ಎಂಬ ಹಳೆಯ ಕಲ್ಲುಗಣಿಯಿದೆ. ಈ ಗುಡಿಗಳ ಕಾಲದಲ್ಲಿ ಕಲ್ಲು ಎಬ್ಬಿಸಿದ ಜಾಗ. ಬಂಡೆಯ ಮೈಮೇಲೆ ಕುಶಲಕರ್ಮಿಗಳು ಕೊರೆದ ಗೆರೆಚಿತ್ರಗಳು, ಹೆಸರುಗಳು ಇವೆ. ಗುಡಿಯನ್ನು ನೋಡಿ ಬೆರಗಾದ ಮೇಲೆ ಆ ಗುಡ್ಡದ ದಾರಿ ತುಳಿದು ನೋಡಿ, ಅಷ್ಟು ತೂಕದ ಕಲ್ಲನ್ನು ಈ ಏರಿಳಿತದಲ್ಲಿ ಹೊಳೆಯ ದಂಡೆಗೆ ಸಾಗಿಸಿದವರ ಶ್ರಮ ನಿಮ್ಮ ಕಾಲಿಗೇ ತಿಳಿಯುತ್ತದೆ. ಈ ಉತ್ತರ ಬರೆಯಲು ಕೂತದ್ದೇ ಮುಖ್ಯವಾಗಿ ಇದಕ್ಕೆ.

ಪಟ್ಟದಕಲ್ಲಿನಿಂದ ಐಹೊಳೆಗೆ ಹೊಲಗಳ ನಡುವಿನ ದಾರಿ ಸುಲಭ. ಐಹೊಳೆಯಲ್ಲಿ ಮೇಗುತಿ ಗುಡ್ಡ ಹತ್ತಿ. ಇಮ್ಮಡಿ ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ 634ರ ಶಾಸನ ಅಲ್ಲಿನ ಬಸದಿಯ ಗೋಡೆಯಲ್ಲಿದೆ, ಕಾಳಿದಾಸ ಭಾರವಿಯರ ಹೆಸರು ಅದರಲ್ಲಿದೆ. ಅದೇ ಗುಡ್ಡದ ಮೇಲೆ ಇನ್ನೂ ಹಿಂದಿನ ಬೃಹತ್ ಶಿಲಾಯುಗದ ಕಲ್ಲುಗೋರಿಗಳೂ ಇವೆ. ಕೈಯಲ್ಲಿ ಇನ್ನಷ್ಟು ಹೊತ್ತಿದ್ದರೆ ಅಮೀನಗಡದವರೆಗೆ ತುಳಿದು ಕರದಂಟು ಕಟ್ಟಿಸಿಕೊಳ್ಳಿ. ಬೆಲ್ಲ, ಅಂಟು, ಒಣಕೊಬ್ಬರಿ, ಒಣಹಣ್ಣು ಹಾಕಿ ಮಾಡಿದ್ದು. ಬಾಣಂತಿಯರಿಗೂ ಪೈಲ್ವಾನರಿಗೂ ಕೊಡುವ ತಿನಿಸು. ಜೇಬಿನಲ್ಲಿಟ್ಟುಕೊಂಡರೆ ಅಂಗಡಿಯ ಎನರ್ಜಿ ಬಾರ್ ಬೇಕಿಲ್ಲ.

ವಾಪಸ್ ಬರುವಾಗ ಗುಡ್ಡ ಬೇಡ, ಮಲಪ್ರಭೆಯ ಬದಿ ಹಿಡಿಯಿರಿ. ಪಟ್ಟದಕಲ್ಲು, ಶಿವಯೋಗ ಮಂದಿರ, ಚೊಳಚಗುಡ್ಡ, ಬನಶಂಕರಿ, ಬಾದಾಮಿ. ಶಿವಯೋಗ ಮಂದಿರ 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಕಟ್ಟಿದ್ದು, ಹೊಳೆಯ ದಂಡೆಯಲ್ಲಿ ಪ್ರಶಾಂತವಾದ ಜಾಗ. ಬನಶಂಕರಿಯಲ್ಲಿ ಗುಡಿಯ ಮುಂದೆ ತಾಯಂದಿರು ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಕೆನೆಮೊಸರು. "ಇನ್ನೊಂದ್ ಹಾಕ್ಲೇನಪಾ, ಇಷ್ಟ್ ತಿಂದ್ರ ಸೈಕಲ್ ಹೆಂಗ್ ತುಳೀತಿ?" ಎಂದು ಕೇಳುವವರ ಮುಂದೆ ಬೇಡ ಅನ್ನಲಾಗುವುದಿಲ್ಲ.

ಹೊಳೆ ಬದಿಯ ಬಗ್ಗೆ ಒಂದು ಎಚ್ಚರ. ಮಳೆಗಾಲದಲ್ಲಿ ಇತ್ತ ತಲೆ ಹಾಕಬೇಡಿ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಒಳಗೇ ನೀರು ನಿಂತಿತ್ತು. ಮೇಲೆ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ. ಬೇಸಿಗೆಯಲ್ಲಿ ದಾಟಬಹುದಾದ ಜಾಗಗಳಿವೆ, ಆದರೆ ದಂಡೆಯ ಊರಿನವರನ್ನು ಕೇಳದೆ ಕಾಲಿಡಬೇಡಿ.

ನೆಲದ ವಿಚಾರಕ್ಕೆ ಬಂದರೆ, ಇಲ್ಲಿ ಮಣ್ಣು ಎರಡು ಥರ. ಗುಡ್ಡದ ಬುಡದಲ್ಲಿ ಮಸಾರಿ ಅಂದರೆ ಕೆಂಪು ಮಣ್ಣು, ಹೊಳೆಯ ಕಡೆಗೆ ಎರಿ ಅಂದರೆ ಕಪ್ಪು ಮಣ್ಣು. ಮಸಾರಿ ಮಳೆ ಬಿದ್ದ ಮಾರನೆಯ ದಿನವೂ ತುಳಿಯಬಹುದು. ಎರಿ ಮಣ್ಣು ನೆನೆದಿದ್ದರೆ ಮುಗಿಯಿತು, ಚಕ್ರಕ್ಕೆ ಮೆತ್ತಿ, ಫೋರ್ಕಿನ ಸಂದಿಗೆ ತುಂಬಿ, ಚಕ್ರ ತಿರುಗುವುದೇ ನಿಲ್ಲುತ್ತದೆ. ಬಲವಂತ ಮಾಡಿದರೆ ಗೇರು ಬದಲಿಸುವ ಹಿಂದಿನ ಡಿರೇಲರ್ ಮುರಿಯುತ್ತದೆ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಹೊಲದ ದಾರಿ ಬಿಟ್ಟು ಡಾಂಬರಿಗೆ ಬನ್ನಿ.

ಮಣ್ಣಿಗಿಂತ ದೊಡ್ಡ ಕಾಟ ಮುಳ್ಳು. ಬಳ್ಳಾರಿ ಜಾಲಿಯ ಮುಳ್ಳು ಟೈರಿನ ಬದಿಯನ್ನೂ ತೂರುತ್ತದೆ. ಕಣ್ಣಿಗೆ ಕಾಣದ ನೆಗ್ಗಿನಮುಳ್ಳು ಅದಕ್ಕಿಂತ ಕೆಟ್ಟದ್ದು, ಹೊಲದ ಬದುವಿನ ಮೇಲೆ ಹತ್ತು ಮಾರು ಹೋಗುವಷ್ಟರಲ್ಲಿ ಎರಡೂ ಚಕ್ರಕ್ಕೆ ಹತ್ತಿಕೊಂಡಿರುತ್ತದೆ. ಆದ್ದರಿಂದ ಟ್ಯೂಬ್‌ಲೆಸ್ ಮಾಡಿಸಿ, ಹೊರಡುವ ವಾರವೇ ತೂತನ್ನು ತಾನೇ ಮುಚ್ಚುವ ಸೀಲಂಟ್ ದ್ರವ ಹೊಸದಾಗಿ ಹಾಕಿಸಿ. ಟೈರು 2.2 ಇಂಚಿಗಿಂತ ಸಣ್ಣದು ಬೇಡ, ಗಾಳಿ ಸ್ವಲ್ಪ ಕಡಿಮೆಯೇ ಇರಲಿ. ಊರಿನ ಸೈಕಲ್ ಶಾಪಿನವರು ಪಂಕ್ಚರ್ ಚೆನ್ನಾಗಿ ಹಾಕಿಕೊಡುತ್ತಾರೆ, ಆದರೆ ಡಿಸ್ಕ್ ಬ್ರೇಕಿನ ಪ್ಯಾಡ್, ಚೈನಿನ ಕ್ವಿಕ್ ಲಿಂಕ್, ಡಿರೇಲರ್ ಹ್ಯಾಂಗರ್ ಸಿಗುವುದಿಲ್ಲ. ಇವನ್ನು ನೀವೇ ತನ್ನಿ.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಜನವರಿಯ ಬನದ ಹುಣ್ಣಿಮೆಯ ಹೊತ್ತಿಗೆ ಬನಶಂಕರಿ ಜಾತ್ರೆ. ಜಾತ್ರೆ ನೋಡುವಂಥದ್ದೇ, ಆದರೆ ಆಗ ಉಳಿಯಲು ಕೋಣೆ ಸಿಗುವುದು ಕಷ್ಟ, ದಾರಿಗಳಲ್ಲಿ ಎತ್ತಿನಗಾಡಿ, ಟ್ರ್ಯಾಕ್ಟರ್, ಜನ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಬಂಡೆಯ ಕಾವು ಸಂಜೆಯಾದರೂ ಇಳಿಯುವುದಿಲ್ಲ. ಚಳಿಗಾಲದಲ್ಲೂ ಮೂರು ಲೀಟರ್ ನೀರು ಹೊತ್ತುಕೊಳ್ಳಿ. ಪುಷ್ಕರಣಿಯ ನೀರು ಕಣ್ಣಿಗೆ ತಂಪು, ಕುಡಿಯಲು ಊರಿನ ಶುದ್ಧ ನೀರಿನ ಘಟಕದ್ದೇ ತುಂಬಿಸಿಕೊಳ್ಳಿ.

ಸುಗ್ಗಿಯ ಹೊತ್ತಿನಲ್ಲಿ ರಸ್ತೆಯ ಮೇಲೆ ಜೋಳ, ಕಡಲೆ ಒಣಹಾಕಿರುತ್ತಾರೆ. ಅದರ ಮೇಲೆ ಚಕ್ರ ಹತ್ತಿಸದೆ ಇಳಿದು ಬದಿಗೆ ತಳ್ಳಿಕೊಂಡು ಹೋಗಿ. ಕುರಿಹಿಂಡು ಎದುರಾದರೆ ದೂರದಲ್ಲೇ ನಿಂತು ಕುರಿಗಾರರನ್ನು ಮಾತಾಡಿಸಿ. ಅವರ ನಾಯಿಗಳು ಓಡುವ ಸೈಕಲ್ಲನ್ನು ಬಿಡುವುದಿಲ್ಲ, ಇಳಿದು ನಿಂತ ಮನುಷ್ಯನನ್ನು ಸಾಮಾನ್ಯವಾಗಿ ಸುಮ್ಮನೆ ಬಿಡುತ್ತವೆ. ಗುಡ್ಡದ ಹಲವು ಭಾಗ ಅರಣ್ಯ ಇಲಾಖೆಯದು, ಒಳದಾರಿ ಹಿಡಿಯುವ ಮುನ್ನ ಬಾದಾಮಿಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಬರುವುದಕ್ಕೆ ರೈಲೇ ಅನುಕೂಲ. ಬೆಂಗಳೂರಿನಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬಾದಾಮಿಯಲ್ಲೇ ಇಳಿಯಬಹುದು. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಮುಂಚೆಯೇ ಬುಕ್ ಮಾಡಿ, ಡಿರೇಲರ್‌ಗೆ ರಟ್ಟು ಸುತ್ತಿ ಕಟ್ಟಿ, ಪೆಡಲ್ ಬಿಚ್ಚಿ ಚೀಲದಲ್ಲಿಟ್ಟುಕೊಳ್ಳಿ. ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರ್. ಅಲ್ಲೇ ಪೆಡಲ್ ಹಾಕಿಕೊಂಡು ತುಳಿದುಬಿಡಿ, ರಾತ್ರಿಯ ಪ್ರಯಾಣದಲ್ಲಿ ಬ್ರೇಕು, ಗೇರು ಏನಾದರೂ ಅಲುಗಿದ್ದರೆ ಗುಡ್ಡ ಹತ್ತುವ ಮೊದಲೇ ಗೊತ್ತಾಗುತ್ತದೆ.