ತಡವಾದ ಮುಟ್ಟು, ಬಿಚ್ಚದ ಕಿಟ್

ಹೆಸರು, ಕೆಲಸ ಬೇರೆ ಇರುತ್ತದೆ, ಆದರೆ ಇದೇ ಕತೆ ಆಪ್ತಸಮಾಲೋಚಕಿಯಾದ ನನ್ನ ಮುಂದೆ ಮತ್ತೆ ಮತ್ತೆ ಬಂದು ಕೂರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆಕೆಯನ್ನು ಶಾಲಿನಿ ಎಂದು ಕರೆಯೋಣ.

ವಯಸ್ಸು 31. ಮಗು ಬೇಕು ಅಂತ ಗಂಡ ಹೆಂಡತಿ ತೀರ್ಮಾನಿಸಿ ಎಂಟು ತಿಂಗಳಾಗಿತ್ತು. ಮುಟ್ಟು ಒಮ್ಮೆ 38 ದಿನಕ್ಕೆ, ಒಮ್ಮೆ 52 ದಿನಕ್ಕೆ, ಒಮ್ಮೊಮ್ಮೆ ಎರಡು ತಿಂಗಳು ದಾಟಿದರೂ ಇಲ್ಲ. ಆದರೆ ಅವರು ನನ್ನ ಹತ್ತಿರ ಬಂದಿದ್ದು ಇದಕ್ಕಲ್ಲ. ರಾತ್ರಿ ನಿದ್ದೆ ಇಲ್ಲ, ಸಣ್ಣಪುಟ್ಟದ್ದಕ್ಕೂ ಅಳು ಬರುತ್ತದೆ ಅಂತ. ಮೊದಲ ಭೇಟಿಗಳೆಲ್ಲ ನಿದ್ದೆ, ಕೆಲಸದ ಒತ್ತಡ, ಮನೆಯವರ ಪ್ರಶ್ನೆಗಳಲ್ಲೇ ಮುಗಿದವು.

ಒಂದು ದಿನ ಸಹಜವಾಗಿ ಕೇಳಿದೆ, "ಈ ಸಲ ಎಷ್ಟು ದಿನ ಆಯ್ತು?"

"ನಲವತ್ತೇಳು." ಥಟ್ಟನೆ ಬಂತು ಉತ್ತರ.

"ಟೆಸ್ಟ್ ಮಾಡ್ಕೊಂಡ್ರಾ?"

ಶಾಲಿನಿ ಬ್ಯಾಗಿನಿಂದ ಪ್ರೆಗ್ನೆನ್ಸಿ ಕಿಟ್ ತೆಗೆದು ಮೇಜಿನ ಮೇಲಿಟ್ಟರು. ಕವರ್ ಒಡೆದಿರಲಿಲ್ಲ. ದಿನಾ ಬ್ಯಾಗಿನಲ್ಲಿ ಓಡಾಡಿ ಅದರ ಅಂಚೆಲ್ಲ ಸವೆದಿತ್ತು.

"ಮಾಡಿದ್ರೆ ಒಂದೇ ಗೆರೆ ಬರುತ್ತೆ ಮೇಡಂ. ಮಾಡದೇ ಇದ್ರೆ ಇನ್ನೊಂದು ನಾಲ್ಕು ದಿನ ನಾನು ತಾಯಿ. ಡೇಟ್ ಮುಂದಕ್ಕೆ ಹೋದಾಗ ಮಾತ್ರ ಸಿಗೋ ಸುಖ ಇದು. ಇದನ್ನೂ ಬಿಡಿ ಅನ್ಬೇಡಿ."

ಆ ದಿನಗಳಲ್ಲಿ ಏನೇನು ಮಾಡ್ತೀರಿ ಅಂತ ಕೇಳಿದೆ. ಮೆಟ್ಟಿಲು ನಿಧಾನವಾಗಿ ಇಳಿಯುತ್ತಾರಂತೆ. ಭಾರ ಎತ್ತುವುದಿಲ್ಲವಂತೆ. ತಲೆನೋವು ಬಂದರೂ ಮಾತ್ರೆ ನುಂಗುವುದಿಲ್ಲವಂತೆ. ಗಂಡನಿಗೆ ಇದ್ಯಾವುದೂ ಗೊತ್ತಿಲ್ಲ. ಮುಟ್ಟಾದ ದಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದು, ಕೆಲಸಕ್ಕೆ ಹೊರಡುತ್ತಾರೆ. ಎಂಟು ತಿಂಗಳಲ್ಲಿ ಅವರು ಮತ್ತೆ ಮತ್ತೆ ಮಗು ಕಳೆದುಕೊಂಡಿದ್ದರು, ಯಾರ ಸಾಂತ್ವನವೂ ಇಲ್ಲದೆ. ನಿದ್ದೆ ಎಲ್ಲಿಂದ ಬರಬೇಕು?

ಅವತ್ತು ನಾವು ಆ ದುಃಖದ ಬಗ್ಗೆಯೇ ತುಂಬ ಹೊತ್ತು ಮಾತಾಡಿದೆವು. ಕೊನೆಗೆ ಕೇಳಿದೆ, "ಡಾಕ್ಟರ ಹತ್ತಿರ ಯಾಕೆ ಹೋಗಿಲ್ಲ?"

"ಒಂದು ವರ್ಷ ಕಾಯಬೇಕು ಅಂತಾರಲ್ವಾ?"

ಈ ಒಂದು ವರ್ಷದ ಮಾತು ಎಷ್ಟು ಹೆಣ್ಣುಮಕ್ಕಳ ಸಮಯ ತಿಂದಿದೆಯೋ! ಅದು ಮುಟ್ಟು ಸರಿಯಾಗಿ ಆಗುವ, 35ರೊಳಗಿನವರಿಗೆ ಹೇಳುವ ಮಾತು. 35 ದಾಟಿದವರಿಗೆ ಆರು ತಿಂಗಳು. ಮುಟ್ಟೇ ಏರುಪೇರಾಗಿದ್ದರೆ ಕಾಯುವ ಅಗತ್ಯವೇ ಇಲ್ಲ. 28 ದಿನಕ್ಕೆ ಮುಟ್ಟಾಗುವವರಿಗೆ ವರ್ಷಕ್ಕೆ 13 ಅವಕಾಶ. 50 ದಿನಕ್ಕೆ ಆಗುವವರಿಗೆ ಏಳೇ, ಅದೂ ಪ್ರತಿ ಸಲ ಅಂಡ ಬಿಡುಗಡೆ ಆದರೆ. ಎಷ್ಟೋ ಸಲ ಆಗಿಯೇ ಇರುವುದಿಲ್ಲ.

ಶಾಲಿನಿ ಮೊಬೈಲ್ ತೋರಿಸಿದರು. ಮುಟ್ಟಿನ ಲೆಕ್ಕ ಇಡುವ ಆಪ್‌ನಲ್ಲಿ 14ನೇ ದಿನಕ್ಕೆ ಹಸಿರು ಗುರುತು, ಗರ್ಭ ನಿಲ್ಲುವ ದಿನ ಅಂತ. ಗಂಡ ಹೆಂಡತಿ ತಪ್ಪದೆ ಪಾಲಿಸಿದ ದಿನ ಅದು. ಆದರೆ ಅಂಡ ಬಿಡುಗಡೆ ಆಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. 50 ದಿನದ ಚಕ್ರದಲ್ಲಿ ಅದು 36ನೇ ದಿನದ ಆಸುಪಾಸು. ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಐದು ದಿನ. ಹಸಿರು ಗುರುತಿಗೂ ಆಕೆಯ ದೇಹಕ್ಕೂ ಸಂಬಂಧವೇ ಇರಲಿಲ್ಲ. ಇದನ್ನು ಕೇಳಿ ಆಕೆ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ಮ ತಪ್ಪಲ್ಲ" ಅಂದರು. ಅಲ್ಲವೇ ಅಲ್ಲ ಅಂದೆ.

ನಾನು ಕೊಟ್ಟ ಸಲಹೆ ಇಷ್ಟು. ನಾಳೆ ಬೆಳಿಗ್ಗೆ ಕಿಟ್ ಬಿಚ್ಚಿ, ಆದರೆ ಒಬ್ಬರೇ ಅಲ್ಲ, ಗಂಡನ ಜೊತೆ. ಇದೇ ವಾರ ಇಬ್ಬರೂ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಆಪ್‌ನ ಸೂಚನೆಗಳನ್ನು ಬಂದ್ ಮಾಡಿ, ಮುಟ್ಟಾದ ತಾರೀಖು ಮಾತ್ರ ಬರೆದಿಡಿ. ಮುಂದೆಯೂ ಡೇಟ್ ಗೊತ್ತಾಗದಿದ್ದರೆ, ಕೊನೆಯ ಸಲ ಗಂಡ ಹೆಂಡತಿ ಕೂಡಿದ ಮೇಲೆ ಮೂರು ವಾರ ಕಳೆದು ಮಾಡಿದ ಟೆಸ್ಟನ್ನು ನಂಬಬಹುದು. ಅದಕ್ಕಿಂತ ಜಾಸ್ತಿ ಎಳೆಯಬೇಡಿ.

ಈ ಪ್ರಕರಣವನ್ನು ಚರ್ಚೆಗೆ ಇಟ್ಟಾಗ ಸಹೋದ್ಯೋಗಿಯೊಬ್ಬರು, ಆಕೆಗಿದ್ದ ಒಂದೇ ಆಸರೆ ಕಿತ್ತುಕೊಂಡಿರಿ ಅಂದರು. ಡಾಕ್ಟರ ಕೆಲಸ ನಮಗ್ಯಾಕೆ ಅಂತಲೂ ಕೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ದುಃಖಕ್ಕೆ ಜಾಗ ಕೊಡುವುದು ನಮ್ಮ ಕೆಲಸ, ನಿಜ. ಆದರೆ ಆ ದುಃಖ ಹುಟ್ಟುವ ಕಡೆ ಔಷಧಿಯಿಂದ ಸರಿಹೋಗಬಹುದಾದ ಕಾರಣ ಇರುವಾಗ, ಬರೀ ಕಣ್ಣೀರು ಒರೆಸುತ್ತಾ ಕೂತರೆ ಅದು ಅನ್ಯಾಯ. ಮಗುವಾಗದಿರಲು ಇರುವ ಕಾರಣಗಳಲ್ಲಿ ಅಂಡ ಬಿಡುಗಡೆಯ ತೊಂದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವಂಥದ್ದು. "ಟೆನ್ಷನ್ ಬಿಡು, ತಾನಾಗೇ ಆಗುತ್ತೆ" ಅನ್ನುವ ಮಾತಂತೂ ನನಗೆ ಸಿಟ್ಟು ತರಿಸುತ್ತದೆ. ತೀವ್ರ ಒತ್ತಡದಿಂದ ಮುಟ್ಟು ಮುಂದೆ ಹೋಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್‌ನಂಥ ಹಾರ್ಮೋನ್ ಏರುಪೇರಾಗಿದ್ದರೆ ನಗುನಗುತ್ತಾ ಇದ್ದ ಮಾತ್ರಕ್ಕೆ ಸರಿಹೋಗುತ್ತಾ? ಆಗದೇ ಹೋದಾಗ ತಪ್ಪೆಲ್ಲ ಅವಳ ತಲೆಗೇ ಬರುತ್ತದೆ.

ಕಿಟ್‌ನಲ್ಲಿ ಬಂದಿದ್ದು ಒಂದೇ ಗೆರೆ. ಇಬ್ಬರೂ ಒಟ್ಟಿಗೆ ಅತ್ತರಂತೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆದ ಮೇಲೆ ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಿನಿಂದ ಅಂಡ ಬಿಡುಗಡೆ ತಪ್ಪುವ ತೊಂದರೆ, ಅಂತ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಗುವಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 10ರಿಂದ 13ರಷ್ಟು ಮಂದಿಗೆ ಇದು ಇದೆ. ಗಂಡನ ವೀರ್ಯ ಪರೀಕ್ಷೆಯೂ ಆಯಿತು. ಅದನ್ನು ಮೊದಲೇ ಮಾಡಿಸುವುದು ಒಳ್ಳೆಯದು, ಹೆಂಡತಿಯ ಸರದಿ ಮುಗಿಯಲಿ ಅಂತ ಕಾಯಬಾರದು.

ಆಮೇಲೆ ಒಂದು ದಿನ ಶಾಲಿನಿ ಖುಷಿಯಿಂದ ಫೋನ್ ಮಾಡಿದರು. "ಮಾತ್ರೆ ತಗೊಂಡೆ, ಮುಟ್ಟಾಯ್ತು ಮೇಡಂ, ಇನ್ನೆಲ್ಲ ಸರಿಯಾಯ್ತು." ಇಲ್ಲೂ ತುಂಬ ಜನ ಎಡವುತ್ತಾರೆ. ಮುಟ್ಟು ಬರಿಸುವ ಮಾತ್ರೆಯಿಂದ ಗರ್ಭಕೋಶದ ಒಳಪದರ ಕಳಚಿ ರಕ್ತ ಹೋಗುತ್ತದೆ, ಅಷ್ಟೇ. ಅಂಡ ಬಿಡುಗಡೆ ಆಗಿದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಅದು ತಿಳಿಯಲು ಮುಂದಿನ ಮುಟ್ಟಿಗೆ ಒಂದು ವಾರ ಮೊದಲು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಬೇಕು. ಇದನ್ನು ಡಾಕ್ಟರ ಹತ್ತಿರ ಕೇಳಿ ಅಂದೆ. ಕೇಳಿದರು. ಅಂಡ ಬಿಡುಗಡೆಗೆ ಲೆಟ್ರೊಜೋಲ್ ಮಾತ್ರೆ ಶುರುವಾಯಿತು. ಚಿಕಿತ್ಸೆ ಇನ್ನೂ ನಡೆಯುತ್ತಿದೆ. ನಿದ್ದೆ ಈಗ ಪರವಾಗಿಲ್ಲ ಅನ್ನುತ್ತಾರೆ.

ಕಿಟ್ ಬಿಚ್ಚದೆ ಇಟ್ಟುಕೊಳ್ಳುವ ಅಭ್ಯಾಸ ನಿಮಗೂ ಇದ್ದರೆ ಎರಡು ವಿಷಯ ಗಮನದಲ್ಲಿರಲಿ. ಡೇಟ್ ಮುಂದೆ ಹೋಗಿ, ಕೆಳಹೊಟ್ಟೆಯಲ್ಲಿ ಒಂದು ಕಡೆ ವಿಪರೀತ ನೋವು, ರಕ್ತ, ತಲೆಸುತ್ತು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಜೀವಕ್ಕೇ ಅಪಾಯ. ಇನ್ನು ಮೂರು ತಿಂಗಳಾದರೂ ಮುಟ್ಟಾಗದಿದ್ದರೆ, ಸದ್ಯಕ್ಕೆ ಮಗು ಬೇಡ ಅನ್ನುವವರೂ ಡಾಕ್ಟರಿಗೆ ತೋರಿಸಬೇಕು. ಹಾಗೇ ಬಿಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಬಹುದು.