ಅಪರೂಪದ ಕಾರ್ಡೇ, ಆದರೆ ಕೇಳುವವರೆಲ್ಲಿ?

ನ್ಯೂಜೆರ್ಸಿಗೆ ಬಂದ ಹೊಸದರಲ್ಲೇ ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡು ಕೂಡಿಸುವ ರುಚಿ ಹತ್ತಿತು ಅಂತ ಬರೆದಿದ್ದೀರಿ, ಓದಿ ಖುಷಿಯಾಯಿತು. ಟಾಪ್ಸ್ ಕಂಪನಿಯ 1966ರ ಸೆಟ್ಟಿನ, ಅಂದರೆ ಆ ವರ್ಷದ ಸರಣಿಯ, ಕೊನೆಯ ಕಾರ್ಡುಗಳು ಸಿಗುವುದೇ ಕಷ್ಟ, ಆದರೂ ಮೊದಲಿನಷ್ಟು ಗಿರಾಕಿ ಯಾಕಿಲ್ಲ ಅನ್ನೋದು ನಿಮ್ಮ ಪ್ರಶ್ನೆ.

ಟಾಪ್ಸ್‌ನವರು ಆಗ ಇಡೀ ಸೆಟ್ಟನ್ನು ಒಮ್ಮೆಗೇ ಬಿಡುತ್ತಿರಲಿಲ್ಲ, ಕಂತುಕಂತಾಗಿ ಬಿಡುತ್ತಿದ್ದರು. 523ರಿಂದ 598ರವರೆಗಿನ ನಂಬರಿನ ಕೊನೆಯ ಕಂತು ಬರುವಷ್ಟರಲ್ಲಿ ಬೇಸಿಗೆ ರಜೆ ಮುಗಿಯುತ್ತಾ ಬಂದು ಮಕ್ಕಳ ಮನಸ್ಸು ಅಮೆರಿಕನ್ ಫುಟ್‌ಬಾಲಿನ ಕಡೆ ತಿರುಗಿರುತ್ತಿತ್ತು. ಅಂಗಡಿಯವರು ಕಡಿಮೆ ತರಿಸುತ್ತಿದ್ದರು, ಅಚ್ಚೂ ಕಡಿಮೆ. ಜೊತೆಗೆ ಕೆಲವು ಕಾರ್ಡುಗಳಿಗೆ ಅಚ್ಚಿನ ಹಾಳೆಯಲ್ಲಿ ಉಳಿದವಕ್ಕಿಂತ ಕಡಿಮೆ ಜಾಗ ಸಿಕ್ಕಿತು; ಇವೇ ಶಾರ್ಟ್ ಪ್ರಿಂಟ್‌ಗಳು.

ಇವಕ್ಕೆ ಬೆಲೆ ತಂದುಕೊಟ್ಟವರು ಸೆಟ್ ಪೂರ್ತಿ ಮಾಡುವ ಹಟದವರು. 598 ಕಾರ್ಡೂ ಬೇಕು ಅನ್ನುವವರಿಗೆ ಹೆಸರೇ ಕೇಳದ ಆಟಗಾರನೂ ಬೇಕೇ ಬೇಕು. ಆಗ ಅಂಗಡಿಯಲ್ಲಿ ಕೊಂಡ ಹುಡುಗರಿಗೆ ಈಗ ಎಪ್ಪತ್ತರ ಆಸುಪಾಸು. ಅವರ ಪೈಕಿ ಒಬ್ಬರು ಸೆಟ್ಟು ಮಾರಿದರೆ ಕೊಳ್ಳುವವರಲ್ಲಿ ಒಬ್ಬರು ಕಡಿಮೆಯಾದರು, ಮಾರುಕಟ್ಟೆಗೆ ಮಾಲೂ ಬಂತು. ಹೊಸಬರು ದೊಡ್ಡ ಆಟಗಾರನ ಒಂದೇ ಕಾರ್ಡಿಗೆ, ಅದೂ ಒಳ್ಳೆಯ ಗ್ರೇಡಿನದಕ್ಕೆ (ಕಾರ್ಡಿನ ಸ್ಥಿತಿ ನೋಡಿ ಕೊಡುವ ಅಂಕ) ದುಡ್ಡು ಹಾಕುತ್ತಾರೆ. 2022ರಲ್ಲಿ 1.26 ಕೋಟಿ ಡಾಲರಿಗೆ ಹೋದ 1952ರ ಮಿಕಿ ಮ್ಯಾಂಟಲ್ ಕಾರ್ಡು ತನ್ನ ಕಂತಿನಲ್ಲಿ ಉಳಿದವಕ್ಕಿಂತ ಎರಡು ಪಟ್ಟು ಅಚ್ಚಾದದ್ದು! ಸ್ಯಾನ್ ಫ್ರಾನ್ಸಿಸ್ಕೋದ ಮಿಠಾಯಿ ಜೊತೆ ಬರುತ್ತಿದ್ದ ಜೀನಟ್ ಕಾರ್ಡುಗಳು ಅದಕ್ಕಿಂತ ಎಷ್ಟೋ ವಿರಳ. ಅವುಗಳಲ್ಲಿರುವವರು ಪೆಸಿಫಿಕ್ ಕೋಸ್ಟ್ ಲೀಗ್ ಎಂಬ ಪಶ್ಚಿಮ ಕರಾವಳಿಯ ಕೆಳಹಂತದ ಲೀಗಿನ ಆಟಗಾರರು. ಮುಂದೆ ದೊಡ್ಡ ಹೆಸರು ಮಾಡಿದ ಜೋ ಡಿಮಾಜಿಯೋನಂಥವರನ್ನು ಬಿಟ್ಟರೆ ವಿಚಾರಿಸುವವರೇ ಕಡಿಮೆ.

ಕಾರ್ಡುಗಳಿಗೆ ಗ್ರೇಡ್ ಕೊಡುವ ಪಿಎಸ್‌ಎ ಕಂಪನಿಯ ಪಾಪ್ಯುಲೇಶನ್ ರಿಪೋರ್ಟಿನಲ್ಲಿ (ಯಾವ ಕಾರ್ಡು ಎಷ್ಟು ಗ್ರೇಡ್ ಆಗಿವೆ ಎಂಬ ಲೆಕ್ಕ) ಸಂಖ್ಯೆ ಸಣ್ಣದಿದೆ ಅಂತ ಮಾರುವವರು ತೋರಿಸಿದರೆ ಅಷ್ಟಕ್ಕೇ ಒಪ್ಪಬೇಡಿ. ಗ್ರೇಡಿಂಗ್ ಶುಲ್ಕವೇ ಕಾರ್ಡಿನ ಬೆಲೆಗಿಂತ ಹೆಚ್ಚಾದರೆ ಯಾರೂ ಕಳಿಸುವುದಿಲ್ಲ. ಬೆಲೆ ಏರಿತೆಂದರೆ ಕಾರ್ಡುಗಳು ಪೆಟ್ಟಿಗೆಗಳಿಂದ ಹೊರಬಂದು ಆ ಸಂಖ್ಯೆಯೂ ಏರುತ್ತದೆ. ಆನ್‌ಲೈನ್ ಮಾರಾಟ ತಾಣ ಇಬೇಯಲ್ಲಿ ಮಾರುವವರು ಕೇಳಿದ ಬೆಲೆ ಬಿಟ್ಟು 'ಸೋಲ್ಡ್' (ಮಾರಾಟವಾದವು) ಫಿಲ್ಟರ್ ಹಾಕಿ, ಅದೇ ಗ್ರೇಡಿನದು ಎಷ್ಟಕ್ಕೆ ಹೋಯಿತು, ಎಷ್ಟು ಜನ ಬಿಡ್ ಮಾಡಿದರು ನೋಡಿ. ಇಬ್ಬರೇ ಪೈಪೋಟಿಗಿಳಿದು ಏರಿಸಿದ ಬೆಲೆ, ಅವರಲ್ಲೊಬ್ಬರಿಗೆ ಕಾರ್ಡು ಸಿಕ್ಕ ಮೇಲೆ ನಿಲ್ಲುವುದಿಲ್ಲ.

ಆ ಕಂತಿನದೇ ಬೇಕಿದ್ದರೆ 550ನೇ ವಿಲ್ಲಿ ಮೆಕೋವಿ ಅಥವಾ 598ನೇ ಗೇಲಾರ್ಡ್ ಪೆರ್ರಿ ಹುಡುಕಿ. ಇಬ್ಬರೂ ಬೇಸ್‌ಬಾಲಿನ ಶ್ರೇಷ್ಠರನ್ನು ಸೇರಿಸುವ ಹಾಲ್ ಆಫ್ ಫೇಮ್‌ನವರು, ಸೆಟ್ ಕಟ್ಟದವರೂ ಕೊಳ್ಳುತ್ತಾರೆ. ಪೆರ್ರಿಯದು ಕಟ್ಟಿನ ಕಟ್ಟಕಡೆಯ ಕಾರ್ಡಾದ್ದರಿಂದ ರಬ್ಬರ್ ಬ್ಯಾಂಡ್ ಕಚ್ಚಿದ ಗುರುತು ಅಂಚಿನಲ್ಲಿದೆಯಾ ಅಂತ ಬೆಳಕಿಗೆ ಓರೆಯಾಗಿ ಹಿಡಿದು ನೋಡಿಕೊಳ್ಳಿ.