ಸೋಲಾರ್ ಹಾಕಿಸೋ ಮುಂಚೆ ಕರೆಂಟ್ ಬಿಲ್ ಕೈಗೆತ್ತಿಕೊಳ್ಳಿ

ತಾರಸಿ ಮೇಲೆ ಸೋಲಾರ್ ಹಾಕಿಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ, ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇನೆ. ಕೇಳುವ ಮುಂಚೆ ಎಲ್ಲರೂ ಒಂದು ವರ್ಷದ ಬಿಲ್ಲುಗಳನ್ನು ಮುಂದೆ ಹರಡಿಕೊಂಡಿದ್ದರೆ ಅರ್ಧ ಪ್ರಶ್ನೆಗಳು ಬರ್ತಾನೇ ಇರಲಿಲ್ಲ.

ಪ್ರಶ್ನೆ: ಮನೆಯಲ್ಲಿ ಐದು ಜನ. ತಿಂಗಳಿಗೆ 300 ಯೂನಿಟ್ ಆಗುತ್ತದೆ, ಬಿಲ್ಲು 2,400 ರೂಪಾಯಿ ಹತ್ತಿರ ಬರುತ್ತದೆ. 5 ಕಿಲೋವ್ಯಾಟ್ ಹಾಕಿಸಿ, ಆಮೇಲೆ ಬಿಲ್ಲೇ ಬರಲ್ಲ ಅಂತ ಏಜೆಂಟ್ ಹೇಳುತ್ತಾರೆ. ನಂಬಬಹುದಾ? (ದಾವಣಗೆರೆ)

ಬಿಲ್ಲು ಬಂದೇ ಬರುತ್ತದೆ, ಆದರೆ ತುಂಬಾ ಇಳಿಯುತ್ತದೆ. ನಿಮ್ಮ ಬಿಲ್ಲಿನಲ್ಲಿ ಎರಡು ಭಾಗ ಇದೆ ನೋಡಿ. ಒಂದು ಯೂನಿಟ್ ಲೆಕ್ಕದ್ದು. 2025ರ ಏಪ್ರಿಲ್‌ನ ಪರಿಷ್ಕರಣೆಯಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಆಯಿತು. ಅದರ ಮೇಲೆ ಆಗ ಯೂನಿಟ್‌ಗೆ 36 ಪೈಸೆ ಪಿಂಚಣಿ ಸರ್‌ಚಾರ್ಜ್ (ವಿದ್ಯುತ್ ನೌಕರರ ಪಿಂಚಣಿಗೆ ಹಿಡಿಯುವುದು), ಶೇ 9ರಷ್ಟು ತೆರಿಗೆ. ಇನ್ನೊಂದು ನಿಗದಿತ ಶುಲ್ಕ. ಅದೇ ಪರಿಷ್ಕರಣೆಯಲ್ಲಿ ಇದು ಮಂಜೂರಾದ ಲೋಡಿನ (ನಿಮ್ಮ ಮನೆಗೆ ಒಪ್ಪಿಕೊಂಡ ಗರಿಷ್ಠ ಬಳಕೆಯ) ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿಗೆ ಏರಿತು. ನಿಮ್ಮದು 3 ಕಿಲೋವ್ಯಾಟ್ ಲೋಡ್ ಆದರೆ ಆ ದರದಲ್ಲಿ ಒಂದು ದೀಪ ಹಚ್ಚದಿದ್ದರೂ 435 ರೂಪಾಯಿ ಕಟ್ಟಲೇಬೇಕು. ಸೋಲಾರ್ ಮುಟ್ಟುವುದು ಮೊದಲ ಭಾಗವನ್ನು ಮಾತ್ರ.

ಈಗ 5 ಕಿಲೋವ್ಯಾಟ್ ವಿಷಯ. ನಮ್ಮ ಬಯಲುಸೀಮೆಯ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಹಾಕಿಸಿದರೆ ಮೋಡ, ಧೂಳು ಎಲ್ಲ ಕಳೆದು ತಿಂಗಳಿಗೆ 340 ಯೂನಿಟ್ ಆಸುಪಾಸು. ನಿಮ್ಮ 300ಕ್ಕೆ ಅದು ಧಾರಾಳವಾಯಿತು. ಅದಕ್ಕಿಂತ ಜಾಸ್ತಿ ತಯಾರಾದ ಕರೆಂಟನ್ನು ಎಸ್ಕಾಂ (ನಿಮಗೆ ಕರೆಂಟ್ ಕೊಡುವ ಕಂಪನಿ) ಕೊಳ್ಳುತ್ತದೆ ನಿಜ. ಆದರೆ ನೀವು ಅವರಿಗೆ ಕೊಡುವ ದರಕ್ಕೆ ಅಲ್ಲ, ಅದಕ್ಕಿಂತ ಎಷ್ಟೋ ಕಮ್ಮಿಗೆ. ಕರೆಂಟ್ ಮಾರಿ ಲಾಭ ಮಾಡುತ್ತೇನೆ ಅನ್ನುವವರಿಗೆ ಇದು ಒಳ್ಳೆಯ ವ್ಯಾಪಾರ ಅಲ್ಲ.

ಸಬ್ಸಿಡಿಯೂ 3 ಕಿಲೋವ್ಯಾಟ್‌ಗೇ ನಿಲ್ಲುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000. ನೀವು 5 ಹಾಕಿಸಿ, 10 ಹಾಕಿಸಿ, ಅಷ್ಟೇ. 3 ಕಿಲೋವ್ಯಾಟ್‌ಗೆ 2 ಲಕ್ಷ ಖರ್ಚು ಅಂದುಕೊಂಡರೂ ಸಬ್ಸಿಡಿ ಕಳೆದು 1.22 ಲಕ್ಷ ಕೈಯಿಂದ ಹೋಗುತ್ತದೆ. ತಿಂಗಳಿಗೆ 2,000 ಉಳಿದರೆ ಐದು ವರ್ಷಕ್ಕೆ ಅಸಲು ವಾಪಸ್. ಪ್ಯಾನೆಲ್‌ಗೆ ಉತ್ಪಾದನೆಯ ಗ್ಯಾರಂಟಿ ಸಾಮಾನ್ಯವಾಗಿ 25 ವರ್ಷ ಇರುತ್ತದೆ. ನಡುವೆ ಒಮ್ಮೆ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ತಿರುಗಿಸುವ ಪೆಟ್ಟಿಗೆ) ಬದಲಿಸಬೇಕಾದೀತು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಗಾಗಿ 3 ಸಾಕು.

ಒಂದು ಮಾತು ನೆನಪಿರಲಿ. ಸಬ್ಸಿಡಿ ಬರುವುದು ಪ್ಯಾನೆಲ್ ಕೂತು, ನೆಟ್ ಮೀಟರ್ (ಒಳಬಂದ, ಹೊರಹೋದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಹಾಕಿ, ತಪಾಸಣೆ ಮುಗಿದ ಮೇಲೆ, ನೇರ ನಿಮ್ಮ ಬ್ಯಾಂಕ್ ಖಾತೆಗೆ. "ಸಬ್ಸಿಡಿ ನಮಗೇ ಬರುತ್ತೆ, ನೀವು ಮುಂಗಡ ಕೊಡಿ ಸಾಕು" ಅನ್ನುವವರಿಂದ ದೂರ ಇರಿ.

ಪ್ರಶ್ನೆ: ಗೃಹಜ್ಯೋತಿಯಲ್ಲಿ ನಮ್ಮ ಬಿಲ್ಲು ಸೊನ್ನೆ. ಬೇಸಿಗೆಯಲ್ಲಿ ಎರಡು ತಿಂಗಳು ಮಾತ್ರ 210, 215 ಯೂನಿಟ್ ಆಗಿ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಸೋಲಾರ್ ಹಾಕಿಸಲಾ? (ತುಮಕೂರು)

ಬೇಡ. ಎರಡು ತಿಂಗಳ ಬಿಲ್ಲು ಉಳಿಸಲು ಯಾರಾದರೂ ಲಕ್ಷ ಸುರಿಯುತ್ತಾರಾ? ನಿಮಗೆ ಬೇಕಿರುವುದು ತಿಂಗಳಿಗೆ ಇಪ್ಪತ್ತು ಮೂವತ್ತು ಯೂನಿಟ್ ಇಳಿಕೆ. ಅದಕ್ಕೆ ತಲೆ ಎತ್ತಿ ಫ್ಯಾನ್ ನೋಡಿ. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಕಮ್ಮಿ ಕರೆಂಟ್ ತಿನ್ನುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್‌ಗೆ 30 ಸಾಕು. ಮೂರು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 48 ಯೂನಿಟ್ ಉಳಿಯುತ್ತದೆ. 200ರ ಒಳಗೆ ಬಂದುಬಿಡುತ್ತೀರಿ. ಆದರೆ ನಿಮ್ಮ ಉಚಿತ ಮಿತಿ ಎಷ್ಟು ಅಂತ ಬಿಲ್ಲಿನಲ್ಲೇ ನೋಡಿಕೊಳ್ಳಿ. ಅದು ಎಲ್ಲರಿಗೂ 200 ಅಲ್ಲ, 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ 10 ಸೇರಿಸಿದ್ದು. ಅದನ್ನು ಮೀರಿ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು.

ಈ ಸಲಹೆಯಿಂದ ಸೋಲಾರ್ ಮಾರುವವರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಬರಲಿ.

ಪ್ರಶ್ನೆ: ಸೋಲಾರ್ ಹಾಕಿಸಿ ಮೂರು ತಿಂಗಳಾಯಿತು. ಸುಡುಬಿಸಿಲಿದ್ದರೂ ಲೈನ್ ಕರೆಂಟ್ ಹೋದರೆ ಮನೆಯಲ್ಲೂ ಹೋಗುತ್ತದೆ. ನಮಗೆ ಮೋಸ ಆಯಿತಾ? (ಹುಬ್ಬಳ್ಳಿ)

ಮೋಸ ಆಗಿಲ್ಲ. ಹೇಳಬೇಕಾದ್ದನ್ನು ಹೇಳಿಲ್ಲ, ಅಷ್ಟೇ. ನಿಮ್ಮದು ಆನ್‌ಗ್ರಿಡ್ ವ್ಯವಸ್ಥೆ, ಅಂದರೆ ಬೀದಿಯ ಲೈನ್‌ಗೆ ಜೋಡಿಸಿದ್ದು. ಲೈನ್‌ನಲ್ಲಿ ಕರೆಂಟ್ ಇಲ್ಲ ಅಂತ ಗೊತ್ತಾದ ಕೂಡಲೇ ಇನ್ವರ್ಟರ್ ತಾನೇ ನಿಂತುಬಿಡುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ನಿಮ್ಮ ತಾರಸಿಯ ಕರೆಂಟ್ ಬೀದಿಯ ತಂತಿಗೆ ಹರಿಯುತ್ತದೆ. ಲೈನ್ ಆಫ್ ಮಾಡಿ ಕಂಬ ಹತ್ತಿರುವ ಲೈನ್‌ಮನ್ ಗತಿ ಏನು ಹೇಳಿ?

ಕರೆಂಟ್ ಹೋದಾಗಲೂ ಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್ (ಬ್ಯಾಟರಿ ಜೊತೆಗೂ ಕೆಲಸ ಮಾಡುವಂಥದ್ದು) ಮತ್ತು ಬ್ಯಾಟರಿ ಬೇಕು. ಖರ್ಚು ಬಹಳ ಏರುತ್ತದೆ. ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಕರೆಂಟ್ ಹೋಗುವ ಊರಿಗೆ ಮನೆಯಲ್ಲಿರುವ ಹಳೇ ಯುಪಿಎಸ್ಸೇ ಸಾಕು. ಅದನ್ನು ಹಾಗೇ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಹೆಂಚಿನ ಮನೆ, ಸುತ್ತ ಅಡಿಕೆ ತೋಟ. ನಾಲ್ಕು ತಿಂಗಳು ಮಳೆ. ಮಲೆನಾಡಿಗೆ ಸೋಲಾರ್ ಆಗಿಬರುತ್ತಾ? (ಶಿರಸಿ)

ಮಳೆಗಿಂತ ನಿಮ್ಮ ಅಡಿಕೆ ಮರಗಳ ಬಗ್ಗೆ ನನಗೆ ಚಿಂತೆ. ಪ್ಯಾನೆಲ್‌ಗೆ ಬೇಕಿರುವುದು ಬೆಳಕು, ಬಿಸಿ ಅಲ್ಲ. ಬಿಸಿ ಜಾಸ್ತಿಯಾದಷ್ಟೂ ಅದರ ಉತ್ಪಾದನೆ ಕುಗ್ಗುತ್ತದೆ. ಹಾಗಾಗಿ ನವೆಂಬರ್‌ನಿಂದ ಫೆಬ್ರವರಿವರೆಗಿನ ನಿಮ್ಮ ತಣ್ಣನೆಯ ಬಿಸಿಲು ಚಿನ್ನದಂಥದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಉತ್ಪಾದನೆ ಪಾತಾಳಕ್ಕೆ ಇಳಿಯುತ್ತದೆ ಅನ್ನುವುದನ್ನು ಒಪ್ಪಿಕೊಂಡೇ ಲೆಕ್ಕ ಹಾಕಿ.

ನೆರಳಿನದು ಬೇರೆ ಕಥೆ. ಒಂದರ ಕರೆಂಟ್ ಇನ್ನೊಂದರ ಮೂಲಕ ಹರಿಯುವಂತೆ ಪ್ಯಾನೆಲ್‌ಗಳನ್ನು ಸರಪಳಿಯ ಹಾಗೆ ಜೋಡಿಸಿರುತ್ತಾರೆ. ಒಂದರ ಮೂಲೆಗೆ ನೆರಳು ಬಿದ್ದರೂ ಆ ಮೂಲೆಯಷ್ಟೇ ನಷ್ಟ ಆಗುವುದಿಲ್ಲ, ಅದಕ್ಕಿಂತ ಜಾಸ್ತಿ ಆಗುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಮನೆಯ ದಕ್ಷಿಣಕ್ಕಿರುವ 40 ಅಡಿ ಮರದ ನೆರಳು ನಡುಮಧ್ಯಾಹ್ನವೂ 30 ಅಡಿ ಚಾಚುತ್ತದೆ. ಬೆಳಿಗ್ಗೆ, ಸಂಜೆ ಕೇಳುವುದೇ ಬೇಡ. ಮಳೆಗಾಲದಲ್ಲಿ ಬಂದು ಜಾಗ ನೋಡಿ "ನೆರಳಿಲ್ಲ" ಅಂದವರ ಮಾತು ಕೇಳಬೇಡಿ. ಡಿಸೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಗಂಟೆಗೊಮ್ಮೆ ನೀವೇ ಫೋಟೋ ತೆಗೆದಿಡಿ.

ಹೆಂಚಿನ ಮೇಲೆ ಕೂರಿಸಬಹುದು. ಆದರೆ ಈಗಿನ ಒಂದು ದೊಡ್ಡ ಪ್ಯಾನೆಲ್ 25 ಕಿಲೋ ಮೇಲೇ ತೂಗುತ್ತದೆ. ಕೂರಿಸುವಾಗ ಹೆಂಚು ಒಡೆದರೆ ಮುಂದಿನ ಮಳೆಗೆ ಮನೆಯೊಳಗೆ ಬೋಗುಣಿ ಇಡಬೇಕು. ಅಂಗಳದಲ್ಲಿ ಅಡಿಕೆ ಒಣಗಿಸುವ ಬಯಲು ಜಾಗ ಇರುತ್ತದಲ್ವಾ? ಅದರ ಉತ್ತರದ ಅಂಚಿನಲ್ಲಿ ಕಬ್ಬಿಣದ ಚೌಕಟ್ಟು ಎತ್ತರಿಸಿ ದಕ್ಷಿಣಕ್ಕೆ ಮುಖ ಮಾಡಿ ಹಾಕಿಸಿ. ಅಂಗಳಕ್ಕೂ ನೆರಳು ಬೀಳಲ್ಲ, ಹೆಂಚಿಗೂ ತೊಂದರೆ ಇಲ್ಲ.

ಪ್ರಶ್ನೆ: ಅದೇ 3 ಕಿಲೋವ್ಯಾಟ್‌ಗೆ ಇಬ್ಬರು ಕೊಟ್ಟ ಕೊಟೇಶನ್‌ನಲ್ಲಿ 40,000 ರೂಪಾಯಿ ವ್ಯತ್ಯಾಸ ಇದೆ. ಯಾಕೆ? (ಮೈಸೂರು)

ಮೊದಲು ಪ್ಯಾನೆಲ್ ಡಿಸಿಆರ್ ಹೌದೋ ಅಲ್ಲವೋ ಕೇಳಿ. ಸೆಲ್ ಮತ್ತು ಪ್ಯಾನೆಲ್ ಎರಡೂ ಭಾರತದಲ್ಲೇ ತಯಾರಾದವು ಅಂತ ಅದರರ್ಥ. ಅದಕ್ಕೆ ಮಾತ್ರ ಸಬ್ಸಿಡಿ. ಡಿಸಿಆರ್ ಅಲ್ಲದ್ದು ಅಗ್ಗ. ಆಮೇಲೆ ಚೌಕಟ್ಟು: ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣವೋ, ಬರೀ ಪೇಂಟ್ ಬಳಿದದ್ದೋ? ಪೇಂಟ್ ಬಳಿದದ್ದು ಕೆಲವೇ ಮಳೆಗಾಲದಲ್ಲಿ ಬೆಸುಗೆ ಹಾಕಿದಲ್ಲಿ ತುಕ್ಕು ಕಾರುತ್ತದೆ. ಕಾಲುಗಳನ್ನು ತಾರಸಿ ಕೊರೆದು ಬೋಲ್ಟ್ ಮಾಡುತ್ತಾರಾ, ಕಾಂಕ್ರೀಟ್ ದಿಮ್ಮಿ ಮೇಲೆ ನಿಲ್ಲಿಸುತ್ತಾರಾ ಕೇಳಿ. ಕೊರೆದರೆ ಸೋರಿಕೆಗೆ ಯಾರು ಹೊಣೆ ಅಂತ ಬರೆಸಿಕೊಳ್ಳಿ. ಅರ್ತಿಂಗ್ ಗುಂಡಿ ಮೂರು ಇರಬೇಕು. ಡಿಸಿಗೊಂದು, ಎಸಿಗೊಂದು, ಸಿಡಿಲು ತಡೆಗೊಂದು. ಕಮ್ಮಿ ದರದವರು ಕತ್ತರಿ ಹಾಕುವುದು ಹೆಚ್ಚಾಗಿ ಇಲ್ಲೇ, ಯಾಕಂದರೆ ಮಣ್ಣು ಮುಚ್ಚಿದ ಮೇಲೆ ಯಾರಿಗೂ ಕಾಣಲ್ಲ. ಗುಂಡಿ ತೋಡುವ ದಿನ ಮನೆಯಲ್ಲೇ ಇರಿ.

ಪ್ರಶ್ನೆ: ಪ್ಯಾನೆಲ್ ತೊಳೆಯಲು ಬೋರ್ ನೀರು ಬಳಸಬಹುದಾ? (ಕೋಲಾರ)

ಗಡಸು ನೀರಾದರೆ ಬೇಡ. ಒಣಗಿದ ಮೇಲೆ ಬಿಳಿ ಕಲೆ ಕೂರುತ್ತದೆ, ಉಜ್ಜಿದರೂ ಹೋಗಲ್ಲ. ಹಿಡಿದಿಟ್ಟ ಮಳೆನೀರು ಇದ್ದರೆ ಒಳ್ಳೆಯದು. ಆರ್‌ಒ ಯಂತ್ರ ಹೊರಬಿಡುವ ನೀರನ್ನಂತೂ ಹಾಕಬೇಡಿ, ಅದು ಇನ್ನೂ ಗಡಸು. ಬೇರೆ ನೀರೇ ಇಲ್ಲ ಅಂದರೆ ತೊಳೆದ ಕೂಡಲೇ ರಬ್ಬರ್ ವೈಪರ್‌ನಿಂದ ಪೂರ್ತಿ ಎಳೆದುಬಿಡಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ ಸಾಕು. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಎರಚಬೇಡಿ. ಸೋಪಿನ ಪುಡಿಯೂ ಬೇಡ.